ಲಾರಿಯ ಗಾಳಿಯಲ್ಲಿ ಇಂಪ್ಯಾಕ್ಟ್ ಗನ್ ಓಡೀತೇ?

ಕೊಡಗಿನ ಮಾಕುಟ್ಟ ಘಾಟಿಯಲ್ಲಿ ಲಾರಿಯ ಹಿಂದಿನ ಟಯರ್ ಕೂತರೆ ಮೇಲಕ್ಕೆ ಪೆರುಂಬಾಡಿ, ಕೆಳಕ್ಕೆ ಕೂಟುಪುಳ, ನಡುವೆ ಬರೀ ಕಾಡು. ಬ್ರೇಕಿಗೆಂದು ಚಾಸಿಗೆ ಬಿಗಿದ ಟ್ಯಾಂಕಿಗಳಲ್ಲಿ ಮಾತ್ರ ಸುಮಾರು 8 ಬಾರ್ ಗಾಳಿ ಇದ್ದೇ ಇರುತ್ತದೆ. ಗಾಳಿಯ ಬಲದಲ್ಲಿ ಬಡಿಬಡಿದು ನಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ ಕೇಳುವುದು 6.2 ಬಾರ್, ಅಂದರೆ 90 ಪಿಎಸ್‌ಐ. ಪೈಪ್ ಸಿಕ್ಕಿಸಿ ನಟ್ಟು ಬಿಚ್ಚಬಹುದಲ್ಲ? ಬಹುದು, ಒಂದೆರಡು ನಟ್ಟು. ಆಮೇಲೆ ಗನ್ ಸೊರಗುತ್ತದೆ.

ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಒತ್ತಡವನ್ನು. ಗನ್ನಿಗೆ ಅದರ ಜೊತೆಗೆ ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಹರಿವೂ ಬೇಕು. ಲಾರಿಗೆ ಕೊರತೆ ಇರುವುದು ಅಲ್ಲೇ. ಟ್ಯಾಂಕಿ ತುಂಬಿಸುವ 300 ಸಿಸಿ ಕಂಪ್ರೆಸರ್ (ಸುತ್ತಿಗೆ 0.3 ಲೀಟರ್ ಗಾಳಿ ಎಳೆಯುವಂಥದು) ಎಂಜಿನ್ ವೇಗದಲ್ಲೇ ತಿರುಗುತ್ತದೆ ಎಂದಿಟ್ಟುಕೊಳ್ಳಿ. 600 ಆರ್‌ಪಿಎಂ ಐಡಲಿಂಗ್‌ನಲ್ಲಿ ಅದು ಎಳೆಯುವುದು ನಿಮಿಷಕ್ಕೆ 180 ಲೀಟರ್. ಸೋರಿಕೆ, ಬಿಸಿ ಕಳೆದು ಟ್ಯಾಂಕಿಗೆ ಸೇರುವುದು 115ರ ಆಸುಪಾಸು. ಆಕ್ಸಿಲರೇಟರ್ ಒತ್ತಿ 1,200ಕ್ಕೆ ಏರಿಸಿದರೆ ಅದರ ಇಮ್ಮಡಿ. ಅರ್ಧ ಇಂಚಿನ ಗನ್ (ಸಾಕೆಟ್ ಸಿಕ್ಕಿಸುವ ಚೌಕ ತುದಿಯ ಅಳತೆ) ಟ್ರಿಗರ್ ಹಿಡಿದಷ್ಟು ಹೊತ್ತೂ ನಿಮಿಷಕ್ಕೆ ಸುಮಾರು 600 ಲೀಟರ್ ದರದಲ್ಲಿ ಗಾಳಿ ಕುಡಿಯುತ್ತದೆ, ಒಂದು ಇಂಚಿನದು 1,000 ದಾಟುತ್ತದೆ. ಲಾರಿಯ ಚಕ್ರದ ನಟ್ಟುಗಳ ಬಿಗಿ ಸಾಮಾನ್ಯವಾಗಿ 550ರಿಂದ 650 ನ್ಯೂಟನ್ ಮೀಟರ್. ತುಕ್ಕು ಹಿಡಿದಿದ್ದರೆ ಬಿಚ್ಚಲು ಇನ್ನೂ ಹೆಚ್ಚು ಬಲ ಬೇಕು. ಹಾಗಾಗಿ ಅಗ್ಗದ ಅರ್ಧ ಇಂಚಿನ ಗನ್ ಇಲ್ಲಿ ಸದ್ದು ಮಾಡೀತೇ ಹೊರತು ನಟ್ಟು ಕದಲಿಸಲಾರದು.

ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಅಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಶೇ. 12ರಷ್ಟು ತೆಳು. ಕಂಪ್ರೆಸರ್ ಅಷ್ಟೇ ಸುತ್ತು ಹಾಕಿದರೂ ಒಳಗೆ ಸೇರುವ ಗಾಳಿಯ ತೂಕ ಅಷ್ಟರಮಟ್ಟಿಗೆ ಕಡಿಮೆ.

ಉಳಿದ ದಾರಿ ಹೆಚ್ಚುವರಿ ಟ್ಯಾಂಕಿ. 60 ಲೀಟರಿನ ಟ್ಯಾಂಕಿ 8 ಬಾರ್‌ನಿಂದ 6ಕ್ಕೆ ಇಳಿಯುವಷ್ಟರಲ್ಲಿ 120 ಲೀಟರ್ ಗಾಳಿ ಕೊಡುತ್ತದೆ. ಒಂದು ಇಂಚಿನ ಗನ್ನಿಗೆ ಅದು ಏಳು ಸೆಕೆಂಡಿನ ಊಟ. ಅಷ್ಟರಲ್ಲಿ ಎರಡು ನಟ್ಟು ಬಂದಾವು. ಐಡಲಿಂಗ್‌ನಲ್ಲಿ ಅದು ಮತ್ತೆ ತುಂಬಲು ಒಂದು ನಿಮಿಷ ಬೇಕು. ಹತ್ತು ನಟ್ಟಿನ ಚಕ್ರಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಒಂದೇ ಚಕ್ರ ಬಿಚ್ಚುವುದಾದರೆ ಒಳಗಿನ ಗೇರುಗಳಿಂದ ಬಲ ಹೆಚ್ಚಿಸುವ, ಕೈಯಿಂದ ತಿರುಗಿಸುವ ಗೇರ್ ಸ್ಪ್ಯಾನರೇ ವಾಸಿ. ಅದಕ್ಕೆ ಪೈಪೂ ಬೇಡ, ಟ್ಯಾಂಕಿಯೂ ಬೇಡ.

ಈ ಗಾಳಿಯನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದರಲ್ಲಿ ಮಾತ್ರ ರಾಜಿ ಇಲ್ಲ. ಗಾಳಿಯ ತೇವ ತೆಗೆಯುವ ಡ್ರೈಯರ್ ದಾಟಿದ ಗಾಳಿ, ಅದನ್ನು ನಾಲ್ಕು ಬೇರೆ ದಾರಿಗಳಿಗೆ ಹಂಚುವ ನಾಲ್ಕು ಸರ್ಕ್ಯೂಟಿನ ಪ್ರೊಟೆಕ್ಷನ್ ವಾಲ್ವಿಗೆ ಬರುತ್ತದೆ. ಅದರ ಮೇಲೆ 21, 22, 23, 24 ಎಂಬ ಅಂಕಿಗಳಿರುತ್ತವೆ. ಮೊದಲೆರಡು ಕಾಲ್ಬ್ರೇಕಿನವು, 23 ಪಾರ್ಕಿಂಗ್ ಮತ್ತು ಟ್ರೇಲರ್ ಬ್ರೇಕಿನದು, 24 ಹಾರ್ನ್, ಕ್ಲಚ್ ಬೂಸ್ಟರ್, ಎಕ್ಸಾಸ್ಟ್ ಬ್ರೇಕ್ ಮುಂತಾದವುಗಳದು. ಪೈಪ್ ಜೋಡಿಸಬೇಕಾದ್ದು 24ಕ್ಕೆ. ನಡುವೆ ಒತ್ತಡ ತೀರಾ ಇಳಿದರೆ ಮುಚ್ಚಿಕೊಳ್ಳುವ ಒಂದು ಪ್ರೆಷರ್ ಪ್ರೊಟೆಕ್ಷನ್ ವಾಲ್ವ್, ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಇರಲಿ, ಆಮೇಲೆ ಹೆಚ್ಚುವರಿ ಟ್ಯಾಂಕಿ. ಬ್ರೇಕ್ ಟ್ಯಾಂಕಿಯ ನೀರು ಬಸಿಯುವ ಡ್ರೈನ್ ರಂಧ್ರಕ್ಕೆ ‘T’ ಆಕಾರದ ಜೋಡಣೆ ಹಾಕಿ ಪೈಪ್ ಎಳೆಯುವುದು ಸುಲಭವಾಗಿ ಕಾಣುತ್ತದೆ. ಆ ಪೈಪ್ ಒಡೆದ ದಿನ ಸಂಪಾಜೆ ಇಳಿಜಾರಿನಲ್ಲಿ ಒಂದು ಬ್ರೇಕ್ ಸರ್ಕ್ಯೂಟೇ ಖಾಲಿ.

ಗನ್ನಿಗೆ ಬೇಕಾದ ಎಣ್ಣೆ ತೊಟ್ಟಿಕ್ಕುವ ಲೂಬ್ರಿಕೇಟರ್ ಮತ್ತು 6.2 ಬಾರ್‌ಗೆ ಇಳಿಸುವ ರೆಗ್ಯುಲೇಟರ್ ಈ ಟ್ಯಾಂಕಿಯ ಆಚೆಗೇ ಇರಬೇಕು. ಎಣ್ಣೆ ಹಿಂದಕ್ಕೆ ಬ್ರೇಕ್ ವಾಲ್ವ್ ಸೇರಿದರೆ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಒಂದು ಇಂಚಿನ ಗನ್ನಿಗೆ ಪೈಪಿನ ಒಳವ್ಯಾಸ ಕನಿಷ್ಠ ಅರ್ಧ ಇಂಚು ಬೇಕು. ಸುರುಳಿ ಸುತ್ತಿದ ತೆಳು ನೀಲಿ ಪೈಪ್ ಹಾಕಿದರೆ ಟ್ಯಾಂಕಿಯಲ್ಲಿ ಒತ್ತಡವಿದ್ದರೂ ಗನ್ನಿನ ಬಾಯಲ್ಲಿ ಇರದು.

ಟಯರಿಗೆ ಗಾಳಿ ತುಂಬುವುದು ಲಾರಿಯ ಗಾಳಿಗೆ ಹೇಳಿ ಮಾಡಿಸಿದ ಕೆಲಸ, ನಿಧಾನವಾದರೂ ಆಗುತ್ತದೆ. ಹಲವು ಲಾರಿಗಳ ಡ್ರೈಯರಿನಲ್ಲೋ ಒತ್ತಡ ಮಿತಿ ಮುಟ್ಟಿದಾಗ ಗಾಳಿ ಹೊರಬಿಡುವ ಅನ್‌ಲೋಡರ್‌ನಲ್ಲೋ ಇದಕ್ಕೆಂದೇ ಒಂದು ಪೋರ್ಟ್ ಇರುತ್ತದೆ. ಪೈಪ್ ಸಿಕ್ಕಿಸಿದರೂ ಗಾಳಿ ಬರದಿದ್ದರೆ ಗಾಬರಿ ಬೇಡ: ಸಿಸ್ಟಮ್ ತುಂಬಿ ಅನ್‌ಲೋಡರ್ ತೆರೆದು ಗಾಳಿಯನ್ನು ಹೊರಗೆ ಬಿಡುತ್ತಿದೆ ಅಷ್ಟೇ. ಚಕ್ರಕ್ಕೆ ಅಡೆ ಇಟ್ಟು, ಬ್ರೇಕ್ ಪೆಡಲ್ ಹಲವು ಸಲ ತುಳಿದು ಒತ್ತಡ ಇಳಿಸಿದರೆ ಕಂಪ್ರೆಸರ್ ಮತ್ತೆ ತುಂಬಲು ಶುರುಮಾಡುತ್ತದೆ. ಟಯರಿನ ಒಳಜಾಗ 130 ಲೀಟರ್ ಎಂದಿಟ್ಟುಕೊಂಡರೆ 110 ಪಿಎಸ್‌ಐಗೆ ಸುಮಾರು ಸಾವಿರ ಲೀಟರ್ ಗಾಳಿ ಬೇಕು: ಐಡಲಿಂಗ್‌ನಲ್ಲಿ ಒಂಬತ್ತು ನಿಮಿಷ, ರೇಸ್ ಮಾಡಿದರೆ ಐದರೊಳಗೆ. ಗಾಳಿ ಇಳಿದ ಮೇಲೂ ಓಡಿದ ಟಯರಿಗೆ ಮಾತ್ರ ದಾರಿಯಲ್ಲಿ ಗಾಳಿ ತುಂಬಬಾರದು. ಪಕ್ಕದ ಗೋಡೆಯ ತಂತಿಗಳು ಹರಿದಿದ್ದರೆ ಟಯರ್ ಸಿಡಿಯುತ್ತದೆ. ಅದನ್ನು ಬಿಚ್ಚಿ ಒಳಗೆ ನೋಡಿ, ಸಿಡಿದರೆ ತಡೆಯುವ ಕಬ್ಬಿಣದ ಪಂಜರದೊಳಗಿಟ್ಟೇ ತುಂಬಬೇಕು. ಒಳ್ಳೆಯ ಟಯರಿಗೂ ಕೈಯಲ್ಲಿ ಹಿಡಿಯದೆ ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್ ಚಕ್ ಸಿಕ್ಕಿಸಿ, ಉದ್ದ ಪೈಪಿನ ತುದಿಯಲ್ಲಿ ಟಯರಿನ ನೇರಕ್ಕೆ ಬಾರದಂತೆ ಬದಿಗೆ ನಿಲ್ಲಿ.

ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ, ನೀರು. 20 ಡಿಗ್ರಿಯ ತೇವ ತುಂಬಿದ ಗಾಳಿಯಲ್ಲಿ ಘನಮೀಟರಿಗೆ 17 ಗ್ರಾಂ ನೀರಾವಿ ಇರುತ್ತದೆ. ನಿಮಿಷಕ್ಕೆ 100 ಲೀಟರಿನಂತೆ ಒಂದು ಗಂಟೆ ತುಂಬಿದರೆ ಆರು ಘನಮೀಟರ್ ಗಾಳಿ, ನೂರು ಗ್ರಾಂ ನೀರು. 8 ಬಾರ್‌ಗೆ ಒತ್ತಿ ತಣಿಸಿದಾಗ ಗಾಳಿ ಹಿಡಿದಿಟ್ಟುಕೊಳ್ಳುವುದು ಹತ್ತು ಹನ್ನೆರಡು ಗ್ರಾಂ. ಮಿಕ್ಕಿದ್ದು ದ್ರವವಾಗಿ ಇಳಿಯುತ್ತದೆ. ಡ್ರೈಯರಿನೊಳಗಿನ ಹರಳುಗಳು ಅದನ್ನು ಹೀರುತ್ತವೆ ನಿಜ, ಆದರೆ ಅವು ಒಣಗುವುದು ಸಿಸ್ಟಮ್ ತುಂಬಿ ಡ್ರೈಯರ್ 'ಫುಸ್' ಎಂದು ಊದಿದಾಗ. ಗನ್ ಎಡೆಬಿಡದೆ ಗಾಳಿ ಎಳೆಯುತ್ತಿದ್ದರೆ ಒತ್ತಡ ಕಟೌಟ್, ಅಂದರೆ ತುಂಬುವುದು ನಿಲ್ಲುವ ಮಿತಿ, ಮುಟ್ಟುವುದೇ ಇಲ್ಲ, ಆ ಫುಸ್ ಬರುವುದೂ ಇಲ್ಲ, ನೀರು ನೇರ ಟ್ಯಾಂಕಿಗೆ. ಬಿಡುವಿಲ್ಲದೆ ದುಡಿದ ಕಂಪ್ರೆಸರ್ ಬಿಸಿಯಾಗಿ ಎಂಜಿನ್ ಆಯಿಲ್ ಉಗುಳುತ್ತದೆ. ಅದು ಡೆಲಿವರಿ ಪೈಪಿನಲ್ಲಿ ಸುಟ್ಟು ಕರಿಕಟ್ಟಿ ದಾರಿ ಕಿರಿದಾಗಿಸುತ್ತದೆ. ಆದ್ದರಿಂದ ನಡುನಡುವೆ ನಿಲ್ಲಿಸಿ, ಆ ಫುಸ್ ಕೇಳಿದ ಮೇಲೆ ಮುಂದುವರಿಸಿ.

ಕೆಲಸ ಮುಗಿದ ಮೇಲೆ ಎಲ್ಲ ಟ್ಯಾಂಕಿಗಳ ಅಡಿಯ ಡ್ರೈನ್ ಎಳೆಯಿರಿ. ಬರೀ ನೀರು ಬಂದರೆ ಒಂದೆರಡು ದಿನ ಗಮನಿಸಿ. ಮತ್ತೆ ಮತ್ತೆ ಬಂದರೆ ಡ್ರೈಯರಿನ ಕಾರ್ಟ್ರಿಜ್ ಬದಲಿಸುವ ಹೊತ್ತಾಗಿದೆ. ಹಾಲುಹಾಲಾದ ಜಿಡ್ಡು ಬಂದರೆ ಆಯಿಲೂ ಸೇರಿದೆ, ಕಂಪ್ರೆಸರನ್ನೇ ನೋಡಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಎರಡು ಬ್ರೇಕ್ ಸರ್ಕ್ಯೂಟುಗಳ ಒತ್ತಡ ತೋರಿಸುವ ಎರಡೂ ಮುಳ್ಳು ಪೂರ್ತಿ ಏರಿ ಅಲ್ಲೇ ನಿಂತಿವೆಯೇ ನೋಡಿದ ಮೇಲಷ್ಟೇ ಇಳಿಜಾರಿಗೆ ಇಳಿಯಿರಿ. ಗನ್ನಿನಿಂದ ಬಿಗಿದ ನಟ್ಟುಗಳ ಕೊನೆಯ ಬಿಗಿ ಟಾರ್ಕ್ ರೆಂಚಿನಿಂದಲೇ ಆಗಬೇಕು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ.