‘ವಯಸ್ಸಾಯ್ತಲ್ಲ’ ಅನ್ನೋ ಮಾತು ವಾರ್ಡಿಗೆ ಬಂದ ಬಗೆ

ಎಂಬತ್ತು ದಾಟಿದವರೊಬ್ಬರು ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ. ಕಾಯಿಲೆಯ ಹಿಸ್ಟರಿ ಬರೆದುಕೊಳ್ಳಲು ಬಂದ ವೈದ್ಯಕೀಯ ವಿದ್ಯಾರ್ಥಿ ಪಕ್ಕದಲ್ಲಿ ನಿಂತ ಮಗಳನ್ನು ಕೇಳುತ್ತಾನೆ: ‘ಇವರಿಗೆ ರಾತ್ರಿ ನಿದ್ದೆ ಬರುತ್ತಾ?’ ‘ಬರಲ್ಲಪ್ಪ’ ಎಂದದ್ದು ರೋಗಿ. ವಿದ್ಯಾರ್ಥಿ ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಯನ್ನೂ ಮಗಳಿಗೇ ಕೇಳುತ್ತಾನೆ.

ಇದರಲ್ಲಿ ದುರುದ್ದೇಶವೇನಿಲ್ಲ. ಆದರೂ ವಯಸ್ಸಾಯಿತೆಂಬ ಕಾರಣಕ್ಕೇ ಒಬ್ಬರನ್ನು ಬದಿಗೆ ಸರಿಸುವ ಇದಕ್ಕೊಂದು ಹೆಸರಿದೆ: ವಯೋತಾರತಮ್ಯ. ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಓದುವವರಲ್ಲಿ ಇದು ಎಷ್ಟಿದೆ, ಎಲ್ಲಿಂದ ಬರುತ್ತದೆ ಎಂಬ ಚರ್ಚೆ ಅರ್ಧ ಶತಮಾನ ದಾಟಿದೆ. ಒಂದು ಸಮೀಕ್ಷೆ ವಿದ್ಯಾರ್ಥಿಗಳಿಗೆ ಮುದುಕರೆಂದರೆ ತಾತ್ಸಾರ ಅನ್ನುತ್ತದೆ, ಇನ್ನೊಂದು ಗೌರವವೇ ಇದೆ ಅನ್ನುತ್ತದೆ. ಎರಡೂ ಸುಳ್ಳಲ್ಲ ಎಂಬುದೇ ತಲೆನೋವು.

ಹಿಂದಿನದ್ದು ಚುಟುಕಾಗಿ. ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಶರ್ 1909ರಲ್ಲಿ ‘ಜೆರಿಯಾಟ್ರಿಕ್ಸ್’ ಎಂಬ ಪದ ಕಟ್ಟಿದರು. ಮಕ್ಕಳಿಗೊಂದು ವೈದ್ಯಶಾಸ್ತ್ರ ಇರುವಾಗ ಮುಪ್ಪಿಗೂ ಒಂದು ಬೇಕು ಎಂಬುದು ಅವರ ವಾದ. 1935ರಲ್ಲಿ ಲಂಡನ್ನಿನ ಮಾರ್ಜರಿ ವಾರೆನ್ ಅವರ ಕೈಗೆ ಬಡವರ ಆಶ್ರಯಧಾಮದ ಆಸ್ಪತ್ರೆಯೊಂದು ಬಂತು. 714 ರೋಗಿಗಳು, ಹಲವರು ವರ್ಷಗಟ್ಟಲೆ ಮಲಗಿದಲ್ಲೇ ಇದ್ದವರು. ಕಾಯಿಲೆ ಏನೆಂದು ಸರಿಯಾಗಿ ನೋಡಿದವರೇ ಇರಲಿಲ್ಲ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಎಬ್ಬಿಸಿ ಕೂರಿಸಿ, ನಡೆಸಿ, ಎಷ್ಟೋ ಮಂದಿಯನ್ನು ಮನೆಗೆ ಕಳಿಸಿದರು. ಇದನ್ನು ವಿದ್ಯಾರ್ಥಿಗಳಿಗೆ ಕಲಿಸಲೇಬೇಕು ಎಂದು 1943ರಲ್ಲೇ ಬರೆದರು. ವಯೋತಾರತಮ್ಯಕ್ಕೆ ಇಂಗ್ಲಿಷಿನಲ್ಲಿ ‘ಏಜಿಸಂ’ ಎಂಬ ಹೆಸರು ಬಿದ್ದದ್ದು 1969ರಲ್ಲಿ. ಇಟ್ಟವರು ಅಜ್ಜ ಅಜ್ಜಿಯ ಬಳಿ ಬೆಳೆದ ಅಮೆರಿಕನ್ ಮನೋವೈದ್ಯ ರಾಬರ್ಟ್ ಬಟ್ಲರ್.

ಹೆಸರು ಸಿಗುವ ಮೊದಲೇ ಅಳತೆಗೋಲು ಸಿದ್ಧವಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಕೋಗನ್ 1961ರಲ್ಲಿ ಮುದುಕರ ಬಗ್ಗೆ 34 ಹೇಳಿಕೆಗಳ ಪಟ್ಟಿ ಮಾಡಿದರು, ಅರ್ಧ ಹೊಗಳಿಕೆ, ಅರ್ಧ ತೆಗಳಿಕೆ. 1977ರಲ್ಲಿ ಸಮಾಜಶಾಸ್ತ್ರಜ್ಞ ಅರ್ಡ್‌ಮನ್ ಪಾಲ್ಮೋರ್ ಅವರ, ಮುಪ್ಪಿನ ಬಗೆಗಿನ 25 ಸರಿ–ತಪ್ಪು ಪ್ರಶ್ನೆಗಳು ಬಂದವು. ಆಮೇಲೆ ಇನ್ನಷ್ಟು. ಈ ಫಾರಂ ಕೈಗೆ ಬಂದಾಗ ವಿದ್ಯಾರ್ಥಿಯ ಕಣ್ಣ ಮುಂದೆ ಬರುವುದು ತನ್ನನ್ನು ಎತ್ತಿ ಆಡಿಸಿದ ಅಜ್ಜಿ. ಟಿಕ್ ಬೀಳುವುದು ಗೌರವದ ಕಡೆಗೇ. ಮಾರನೇ ದಿನ ರೌಂಡ್ಸಿನಲ್ಲಿ ಅಂಥದ್ದೇ ಇನ್ನೊಬ್ಬ ಅಜ್ಜಿ ‘ಹನ್ನೆರಡನೇ ಬೆಡ್’ ಆಗಿರುತ್ತಾರೆ. ಫಾರಂ ಅಳೆದದ್ದು ಮೊದಲನೇ ಅಜ್ಜಿಯನ್ನು.

ವಾರ್ಡಿನ ಭಾಷೆ ಫಾರಂಗಿಂತ ಹೆಚ್ಚು ಹೇಳುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಪದೇಪದೇ ಬಂದು ಸೇರುವ ಹಣ್ಣು ಮುದುಕರಿಗೆ ‘ಗೋಮರ್’ ಎನ್ನುತ್ತಿದ್ದರು. ‘ನನ್ನ ಎಮರ್ಜೆನ್ಸಿಯಿಂದ ತೊಲಗು’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅಂತ ಅದಕ್ಕೆ ವಿವರಣೆ. ಬ್ರಿಟನ್ನಿನಲ್ಲಿ ‘ಬೆಡ್ ಬ್ಲಾಕರ್’, ಹಾಸಿಗೆ ಬಿಡದೆ ಹಿಡಿದುಕೊಂಡವರು ಅಂತ. ಇನ್ನೊಂದು ‘ಅಕೋಪಿಯಾ’. ಕೇಳಿದರೆ ಗ್ರೀಕಿನ ಗಂಭೀರ ಕಾಯಿಲೆ ಅನ್ನಿಸಬೇಕು. ಅರ್ಥ ಇಷ್ಟೇ, ಈ ರೋಗಿಗೆ ತನ್ನ ಪಾಡು ತಾನು ನೋಡಿಕೊಳ್ಳಲು ಆಗುತ್ತಿಲ್ಲ. ಕೇಸ್ ಶೀಟಿನಲ್ಲಿ ಇದನ್ನು ಬರೆದರೆ ಕಾಯಿಲೆ ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತು. ಈ ಪದಗಳು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಕಿರಿಯ ವೈದ್ಯರಿಗೆ ಹಿರಿಯ ವೈದ್ಯರಿಂದ ಬಂದವು, ಆ ಹಿರಿಯರಿಗೆ ಅವರ ಹಿರಿಯರಿಂದ. ಮೂವತ್ತಾರು ಗಂಟೆ ನಿದ್ದೆಗೆಟ್ಟವರ ಬಾಯಲ್ಲಿ ಹುಟ್ಟಿದ ಮಾತು ಎಂಬುದನ್ನೂ ಮರೆಯುವಂತಿಲ್ಲ.

ತಮಾಷೆಯೆಂದರೆ, ‘ಇಂಟರೆಸ್ಟಿಂಗ್ ಕೇಸ್’ ಅಲ್ಲ ಎಂದು ದಾಟಿ ಹೋಗುವ ಈ ಹಾಸಿಗೆಗಳಲ್ಲೇ ಕಷ್ಟದ ರೋಗನಿರ್ಣಯ ಇರುವುದು. ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು, ಜ್ವರ ಏರದೆ ನ್ಯುಮೋನಿಯಾ ಬರಬಹುದು. ನಿನ್ನೆವರೆಗೆ ಸರಿಯಿದ್ದವರು ಇವತ್ತು ಮಗಳ ಗುರುತು ಹಿಡಿಯದಿದ್ದರೆ ಅದು ‘ಅರವತ್ತರ ಅರಳುಮರಳು’ ಅಲ್ಲ, ಡೆಲಿರಿಯಂ, ಅಂದರೆ ಕಾಯಿಲೆಯಿಂದಲೋ ಔಷಧದಿಂದಲೋ ದಿಢೀರನೆ ಬರುವ ಬುದ್ಧಿಯ ಗೊಂದಲ ಇರಬಹುದು. ಮೂತ್ರದ ಸೋಂಕೋ ಹೊಸದಾಗಿ ಶುರುವಾದ ಮಾತ್ರೆಯೋ ಕಾರಣ ಇರಬಹುದು. ಹುಡುಕಿದರೆ ತಾನೇ ಸಿಗುವುದು!

ಈ ಧೋರಣೆಗೆ ಮದ್ದಾಗಿ ಬಂದದ್ದು ವಿದ್ಯಾರ್ಥಿಗಳಿಂದ ಮಾಡಿಸುವ ಮುಪ್ಪಿನ ನಟನೆ. ಮಂಜು ಮಂಜಾದ ಕನ್ನಡಕ, ಕಿವಿಗೆ ಹತ್ತಿ, ಮಂಡಿಗೆ ಬಿಗಿಪಟ್ಟಿ, ದಪ್ಪ ಗ್ಲೌಸು ಹಾಕಿಸಿ ಶೀಟಿನಿಂದ ಮಾತ್ರೆ ಬಿಡಿಸಲು ಹೇಳುತ್ತಾರೆ. ಮಾತ್ರೆ ನೆಲಕ್ಕೆ ಬೀಳುತ್ತದೆ, ಬಗ್ಗಲಾಗುವುದಿಲ್ಲ. ಹೊರಬಂದವರಲ್ಲಿ ಅನುಕಂಪ ಹೆಚ್ಚಿರುತ್ತದೆ, ನಿಜ. ಜೊತೆಗೆ ‘ದೇವರೇ, ಇಷ್ಟು ವಯಸ್ಸು ಕೊಡಬೇಡ’ ಎಂಬ ಭಯವೂ. ಎಂಬತ್ತರವರು ಆ ದೇಹಕ್ಕೆ ಹೊಂದಿಕೊಳ್ಳಲು ವರ್ಷಗಳನ್ನೇ ತೆಗೆದುಕೊಂಡಿರುತ್ತಾರೆ. ವಿದ್ಯಾರ್ಥಿಗೆ ಸಿಗುವುದು ಒಂದು ಗಂಟೆ. ಇದಕ್ಕಿಂತ, ಆರೋಗ್ಯವಾಗಿರುವ ಹಿರಿಯರೊಬ್ಬರ ಜೊತೆ ವಿದ್ಯಾರ್ಥಿಯನ್ನು ವರ್ಷಗಟ್ಟಲೆ ಜೋಡಿಸುವ ಕಾರ್ಯಕ್ರಮಗಳೇ ನನಗೆ ಸರಿ ಕಾಣುತ್ತವೆ. ವಾರ್ಡಿನಲ್ಲಷ್ಟೇ ಮುಪ್ಪನ್ನು ಕಂಡವರಿಗೆ ಮುಪ್ಪೇ ಕಾಯಿಲೆ ಅನ್ನಿಸದೆ ಇನ್ನೇನು?

ದೊಡ್ಡ ಸಂಸ್ಥೆಗಳಿಗೂ ಇದೇ ಗೊಂದಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಯೋತಾರತಮ್ಯದ ಬಗ್ಗೆ ಜಾಗತಿಕ ವರದಿ ತಂದಿತು. ಅದೇ ಸಂಸ್ಥೆಯ ಹೊಸ ರೋಗಪಟ್ಟಿಯ ಕರಡಿನಲ್ಲಿ ‘ವೃದ್ಧಾಪ್ಯ’ ಒಂದು ಕೋಡ್ ಆಗಿ ಕೂತಿತ್ತು. ಆಕ್ಷೇಪ ಎದ್ದ ಮೇಲೆ ಆ ಪದ ಬದಲಾಯಿತು.

ವೈದ್ಯಕೀಯ ಕಾಲೇಜಿನ ಟೈಂಟೇಬಲ್ ಅಷ್ಟು ಸುಲಭಕ್ಕೆ ಬದಲಾಗಿಲ್ಲ. ಮಕ್ಕಳ ವಿಭಾಗಕ್ಕೆ ವಾರಗಟ್ಟಲೆ ಪೋಸ್ಟಿಂಗ್, ಪ್ರತ್ಯೇಕ ಪರೀಕ್ಷೆ. ಜೆರಿಯಾಟ್ರಿಕ್ಸ್ ಅನೇಕ ಕಡೆ ಬೇಕಿದ್ದರೆ ಆರಿಸಿಕೊಳ್ಳುವ ವಿಷಯ, ಇಲ್ಲವೇ ಜನರಲ್ ಮೆಡಿಸಿನ್ನಿನ ಬಾಲಕ್ಕೆ ಕಟ್ಟಿದ ಒಂದೆರಡು ಕ್ಲಾಸು. ಪರೀಕ್ಷೆಗೆ ಬರುತ್ತಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬರಲ್ಲ ಎಂದಾಗ ನೋಟ್ಸ್ ಮುಚ್ಚುತ್ತಾರೆ.