ಗುಂಡಿಗೂ ನಳಿಗೆಗೂ ನಡುವಿನ ಸಂದು

ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ಹಂದಿ ನುಗ್ಗುವುದು ಹೊಸದೇನಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದು, ಬಾಯಿಯಿಂದ ಮದ್ದು ಗುಂಡು ತುಂಬುವ, ತಾತನ ಕಾಲದ ಕೇಪಿನ ಕೋವಿ ಇಟ್ಟುಕೊಂಡವರು ಈಗಲೂ ಸಿಗುತ್ತಾರೆ. ಈಡು ಎರಡು ಸಲ ಗುರಿ ತಪ್ಪಿತೋ, ಮಾತು ಶುರು: "ಯಾರೋ ಕೋವಿ ಕಟ್ಟಿಬಿಟ್ಟವ್ರೆ." ಆಮೇಲೆ ನಿಂಬೆಹಣ್ಣು, ಕುಂಕುಮ, ದಕ್ಷಿಣೆ. ಆ ದಕ್ಷಿಣೆಯ ದುಡ್ಡಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಕೊಂಡು ಗುಂಡನ್ನೂ ನಳಿಗೆಯನ್ನೂ ಅಳೆದಿದ್ದರೆ ಕೋವಿ ಕಟ್ಟಿದ್ದು ಯಾರು ಅಂತ ಗೊತ್ತಾಗುತ್ತಿತ್ತು. ಅದು ಗುಂಡಿನ ಸುತ್ತ ಇರುವ ಸಂದು.

1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸೈನ್ಯದ ಬ್ರೌನ್ ಬೆಸ್ ಬಂದೂಕನ್ನೇ ನೋಡಿ. ನಳಿಗೆಯ ಒಳ ಅಗಲ ಸುಮಾರು 0.75 ಇಂಚು, ಗುಂಡು ಸುಮಾರು 0.69 ಇಂಚು. ಒಂದೂವರೆ ಮಿಲಿಮೀಟರ್ ಸಂದು. ಗುಂಡು ನಳಿಗೆಯೊಳಗೆ ಆ ಗೋಡೆ ಈ ಗೋಡೆಗೆ ಬಡಿಯುತ್ತಾ ಬರುತ್ತದೆ. ಕೊನೆಗೆ ಯಾವ ಗೋಡೆಗೆ ತಗುಲಿತೋ ಅದರ ಮೇಲೆ ಅದರ ದಾರಿ. ಜೊತೆಗೆ ಮದ್ದಿನ ಅನಿಲ ಪಕ್ಕದಿಂದ ಸೋರಿಹೋಗುತ್ತದೆ. ಚಕ್ಕುಲಿ ಒರಳಿನ ಒತ್ತುಮಣೆ ಸಡಿಲವಿದ್ದರೆ ಹಿಟ್ಟು ಕೆಳಗಿಳಿಯುವ ಬದಲು ಪಕ್ಕದಿಂದ ಮೇಲೇರುತ್ತದಲ್ಲ, ಹಾಗೆ. "ಮದ್ದು ಜಾಸ್ತಿ ಹಾಕು, ನೆಟ್ಟಗೆ ಹೋಗುತ್ತೆ" ಅನ್ನುವವರಿಗೆ ಇದು ತಿಳಿಯುವುದೇ ಇಲ್ಲ.

ಹಾಗಾದರೆ ಬಿಗಿಯಾದ ಗುಂಡನ್ನೇ ಹಾಕಬಾರದಾ? ಹಾಕಬಹುದು, ಮೊದಲ ಈಡಿಗೆ. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿಲವಾಗುವುದೇ ಇಲ್ಲ, ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ದಸರಾ ಹತ್ತಿರ ಬಂದಾಗ ಮೈಸೂರು ಅರಮನೆಯ ಬಳಿ ಫಿರಂಗಿ ತಾಲೀಮು ನಡೆಯುತ್ತದಲ್ಲ, ಅಲ್ಲಿ ಹೋಗಿ ನಿಂತುಕೊಳ್ಳಿ. ಆನೆ ಕುದುರೆ ಬೆದರುತ್ತವೋ ಇಲ್ಲವೋ ಅಂತ ಎಲ್ಲರೂ ಆ ಕಡೆ ನೋಡುತ್ತಿರುತ್ತಾರೆ. ನೀವು ನಳಿಗೆಯ ಬಾಯಿ ನೋಡಿ. ಒದ್ದೆ ತುದಿಯ ಕೋಲು ಒಳಗೆ ಹೋಗಿ ಹೊರಬರುವಾಗ ಕರಿ ಕೆಸರು ಮೆತ್ತಿಕೊಂಡಿರುತ್ತದೆ. ಕೋವಿಯಲ್ಲೂ ಅದೇ ಮಸಿ. ನಾಲ್ಕೈದು ಈಡಿನ ಹೊತ್ತಿಗೆ ಬಿಗಿ ಗುಂಡು ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

ಒಳಗೆ ಸುರುಳಿ ಗಾಡಿಗಳು, ಅಂದರೆ ಸುರುಳಿಯಾಗಿ ಕೊರೆದ ತೋಡುಗಳು, ಇರುವ ರೈಫಲ್‌ನಲ್ಲಿ ಕಷ್ಟ ಇನ್ನೂ ಹೆಚ್ಚು, ಗುಂಡು ಗಾಡಿಗೆ ಕಚ್ಚಿಕೊಂಡರೆ ಮಾತ್ರ ತಿರುಗುತ್ತದೆ. 1800ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್ ಜೊತೆ ಮೊದಮೊದಲು ಮರದ ಸುತ್ತಿಗೆಯನ್ನೇ ಕೊಟ್ಟಿದ್ದರು, ಗುಂಡು ಬಡಿದು ಇಳಿಸಲು! ಹಾಕುವಾಗ ಸಡಿಲ, ಹಾರುವಾಗ ಬಿಗಿ: ಅಂಥ ಗುಂಡು ಬೇಕಿತ್ತು.

ಅದರ ಸುಳಿವು ಸಿಕ್ಕಿದ್ದು ನಮ್ಮ ದಕ್ಷಿಣ ಭಾರತದಲ್ಲೇ ಎನ್ನುತ್ತದೆ ಬಂದೂಕಿನ ಚರಿತ್ರೆ. ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಜಾನ್ ನಾರ್ಟನ್ ಇಲ್ಲಿನವರ ಊದುಗೊಳವೆಯ ಬಾಣ ನೋಡಿದ. ಅದರ ಬುಡಕ್ಕೆ ಮೆತ್ತನೆಯ ಬೆಂಡು. ಊದಿದರೆ ಬೆಂಡು ಹಿಗ್ಗಿ ಕೊಳವೆಯನ್ನು ಮುಚ್ಚುತ್ತದೆ, ಉಸಿರು ಸೋರುವುದಿಲ್ಲ. 1823ರಲ್ಲಿ ಅವನು ಬುಡ ಪೊಳ್ಳಾದ ಉದ್ದ ಗುಂಡು ಮಾಡಿ ತೋರಿಸಿದ. ದೊರೆಗಳು ಬೇಡವೆಂದರು. 1849ರಲ್ಲಿ ಫ್ರಾನ್ಸಿನ ಮಿನಿಯೆ ಅಂಥದ್ದೇ ಗುಂಡು ಮಾಡಿದಾಗ ಅದೇ ಬ್ರಿಟಿಷರು ಅವನಿಗೆ 20,000 ಪೌಂಡ್ ಕೊಟ್ಟರು.

1857ರ ಕೊಬ್ಬಿನ ಕಥೆ ಎಲ್ಲರಿಗೂ ಗೊತ್ತು. ಕೊಬ್ಬು ಬೇಕಿದ್ದಾದರೂ ಯಾಕೆ ಅಂತ ಕೇಳಿದರೆ ಯಾರೂ ಹೇಳಲ್ಲ. ಆಗ ಸಿಪಾಯಿಗಳಿಗೆ ಬಂದ ಎನ್‌ಫೀಲ್ಡ್ ರೈಫಲ್‌ನ ನಳಿಗೆ 0.577 ಇಂಚು, ಗುಂಡು ಮೊದಲು 0.568 ಇಂಚು, ಅದರ ಸುತ್ತ ಕಾಗದ ಬೇರೆ. ಉಳಿದ ಕೂದಲೆಳೆಯಷ್ಟು ಜಾಗದಲ್ಲಿ ಮಸಿ ಗಟ್ಟಿಯಾಗದಿರಲು ಜಿಡ್ಡು ಬೇಕೇ ಬೇಕು. ಆಮೇಲೆ ಗುಂಡನ್ನು 0.550ಕ್ಕೆ ಇಳಿಸಿದರು, ಜಿಡ್ಡಿಗೆ ಜೇನುಮೇಣ ಬಂತು.

ಈಗ ವಿದೇಶದ ಹವ್ಯಾಸಿಗಳು ಬಳಸುವ, ನಳಿಗೆಯ ಬಾಯಿಯಿಂದ ತುಂಬುವ ಶಂಕುಗುಂಡಿಗೆ, ಅಂದರೆ ಮೂತಿ ಚೂಪಾದ ಉದ್ದ ಗುಂಡಿಗೆ ಬರೋಣ. ಬಟ್ಟೆ ಸುತ್ತಲ್ಲ, ಪ್ಲಾಸ್ಟಿಕ್ ಅಂಗಿ ಹಾಕಲ್ಲ, ಸೀಸವೇ ಗಾಡಿಗೆ ಕಚ್ಚಬೇಕು. ನಳಿಗೆಯ ಮೇಲೆ ".50" ಅಂತ, ಅಂದರೆ ಅರ್ಧ ಇಂಚು ಅಂತ ಕೆತ್ತಿದೆ ಎಂದು ಪೆಟ್ಟಿಗೆಯ ಮೇಲೂ ".50" ಇರುವ ಗುಂಡು ತಂದರೆ ಸಾಲದು. ಆ ಸಂಖ್ಯೆ ಹೆಸರಷ್ಟೇ, ಒಳ ಅಳತೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಕೊಂಚ ದಪ್ಪದ ಮೆತ್ತನೆ ಸೀಸದ ತುಂಡನ್ನು ಖಾಲಿ ನಳಿಗೆಯಲ್ಲಿ ತೂರಿಸಿ ಹೊರತೆಗೆದರೆ ಅದರ ಮೈಮೇಲೆ ಗಾಡಿಯ ಅಚ್ಚು ಬಿದ್ದಿರುತ್ತದೆ. ಉಬ್ಬು ಗಾಡಿಯ ಆಳ, ತಗ್ಗು ಅವುಗಳ ನಡುವಿನ ದಿಣ್ಣೆ. ಅಳೆಯಬೇಕಾದದ್ದು ಇವನ್ನು. ಒಳ್ಳೆಯ ಶಂಕುಗುಂಡಿನ ಮುಂದಿನ ಪಟ್ಟಿ ದಿಣ್ಣೆಯ ಅಳತೆಗಿಂತ ಎಳೆಯಷ್ಟು ಸಣ್ಣದು, ಹಾಗಾಗಿ ನೆಟ್ಟಗೆ ಕೂರುತ್ತದೆ. ಹಿಂದಿನ ಪಟ್ಟಿ ಎಳೆಯಷ್ಟು ದಪ್ಪ, ಒತ್ತಿದಾಗ ಗಾಡಿ ಅದನ್ನು ಕೊರೆಯುತ್ತದೆ.

ಮಿಕ್ಕ ಕೆಲಸ ಮದ್ದಿನದು. ಬುಡಕ್ಕೆ ಏಟು ಬಿದ್ದಾಗ ಮೂತಿ ಇನ್ನೂ ಸುಮ್ನೆ ಕೂತಿರುತ್ತದೆ. ನಡುವಿನ ಸೀಸ ಗಿಡ್ಡವಾಗಿ ಅಡ್ಡಕ್ಕೆ ಹಿಗ್ಗುತ್ತದೆ, ಗಾಡಿ ತುಂಬುತ್ತದೆ. ಇದಕ್ಕೆ ಅಪ್ಪಟ ಸೀಸವೇ ಆಗಬೇಕು. ಆಂಟಿಮನಿ ಬೆರೆತ ಗಟ್ಟಿ ಸೀಸ ಅಷ್ಟು ಸುಲಭಕ್ಕೆ ಹಿಗ್ಗಲ್ಲ.

ಉದ್ದ ಗುಂಡು ಜೋರಾಗಿ ತಿರುಗದಿದ್ದರೆ ಗಾಳಿಯಲ್ಲಿ ಮಗುಚುತ್ತದೆ. 1879ರ ಗ್ರೀನ್‌ಹಿಲ್ ಸೂತ್ರ ಸರಳ: ಅಗಲದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಅರ್ಧ ಇಂಚು ಅಗಲ, ಒಂದು ಇಂಚು ಉದ್ದದ ಗುಂಡಿಗೆ 37.5 ಇಂಚಿಗೊಂದು ಸುತ್ತು ಬೇಕು. ಉರುಟು ಗುಂಡಿಗೆಂದು ಮಾಡಿದ ನಳಿಗೆಯಲ್ಲಿ ಅದು 60 ಇಂಚು ದಾಟಿರುವುದೂ ಉಂಟು. ಅಲ್ಲಿ ಉದ್ದ ಗುಂಡು ಹಾಕಿ ಗುರಿ ಸಿಗಲಿಲ್ಲ ಅಂದರೆ ಹೇಗೆ?

ಸಡಿಲ ಗುಂಡಿನ ಇನ್ನೊಂದು ಕಾಟ ಬೇರೆಯದು. ಕೋವಿಯ ಬಾಯಿ ಕೆಳಗೆ ಮಾಡಿ ನಡೆದರೆ ಗುಂಡು ಮದ್ದು ಬಿಟ್ಟು ಮುಂದೆ ಜಾರುತ್ತದೆ. ನಡುವೆ ಖಾಲಿ ಜಾಗ ಬಿದ್ದಾಗ ಈಡು ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಬಲ್ಲವರು ಗುಂಡು ಸರಿಯಾಗಿ ಕೂತಾಗ ಬಾಯಿಯ ಮಟ್ಟಕ್ಕೆ ಗಜದ (ಗುಂಡು ಒತ್ತಿ ಇಳಿಸುವ ಕೋಲಿನ) ಮೇಲೆ ಗೆರೆ ಹಾಕಿಟ್ಟಿರುತ್ತಾರೆ. ಗಜ ಇಳಿಸಿದಾಗ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಗುಂಡನ್ನು ಮತ್ತೆ ಒತ್ತಿ ಕೂರಿಸದೆ ಈಡು ಹಾರಿಸುವ ಕುದುರೆ ಮುಟ್ಟುವುದಿಲ್ಲ.