ಶನಿಗ್ರಹದಲ್ಲಿ ಒಂದು ಬಾಕ್ಸ್ ಟೊಮೆಟೊ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸಿಗೆ 15 ಕೆ.ಜಿ. ಹಮಾಲಿಗಳು ಲಾರಿಗೆ ತುಂಬುವುದನ್ನು ನೋಡುತ್ತಾ ನಿಂತಿದ್ದೆ. ಇದೇ ಬಾಕ್ಸು ಶನಿಗ್ರಹದಲ್ಲಿ ಎಷ್ಟು ತೂಗುತ್ತದೆ ಅನ್ನೋ ತಲೆಹರಟೆ ಪ್ರಶ್ನೆ ಬಂತು.

ಶನಿಯ ದ್ರವ್ಯರಾಶಿ ಭೂಮಿಯ 95 ಪಟ್ಟು. ಬಾಕ್ಸೂ 95 ಪಟ್ಟು ಭಾರ ಆಗಬೇಕು, ಅಲ್ವಾ? ಇಲ್ಲ. ಹೆಚ್ಚೂಕಡಿಮೆ 16 ಕೆ.ಜಿ., ಅಷ್ಟೇ. ಶನಿ ಗಿರಗಿರನೆ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಸಮಭಾಜಕದ ಹತ್ತಿರ 14ಕ್ಕೆ ಇಳಿಯುತ್ತದೆ!

ದುಂಡಗಿನ ಗ್ರಹ ನಮ್ಮನ್ನು ಸೆಳೆಯುವುದು, ಅದರ ಸರಕೆಲ್ಲ ನಟ್ಟನಡುವೆ ಗುಡ್ಡೆ ಬಿದ್ದಿದೆಯೇನೋ ಅನ್ನುವ ಹಾಗೆ. ಸರಕು ಜಾಸ್ತಿಯಾದಷ್ಟೂ ಸೆಳೆತ ಜಾಸ್ತಿ. ಆದರೆ ಆ ನಡುವಿನಿಂದ ನೀವು ಎರಡು ಪಟ್ಟು ದೂರ ನಿಂತರೆ ಸೆಳೆತ ಕಾಲು ಭಾಗ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಶನಿಯ ತ್ರಿಜ್ಯ ಭೂಮಿಯದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು. ಒಂಬತ್ತೂವರೆಯನ್ನು ಒಂಬತ್ತೂವರೆಯಿಂದಲೇ ಗುಣಿಸಿದರೆ 90. ಇನ್ನು 95ನ್ನು 90ರಿಂದ ಭಾಗಿಸಿ ನೋಡಿ. ದೊಡ್ಡ ಸಂಪಾದನೆ, ಅಷ್ಟೇ ದೊಡ್ಡ ಖರ್ಚು.

ಶನಿ ಒಂಥರಾ ಕಡ್ಲೆಪುರಿ ಮೂಟೆ. ನೋಡೋಕೆ ಭಾರೀ ಗಾತ್ರ, ಸಾಂದ್ರತೆ ಮಾತ್ರ ನೀರಿಗಿಂತ ಕಡಿಮೆ. ಅಂದ ಹಾಗೆ ಅಲ್ಲಿ ಬಾಕ್ಸ್ ಇಡಲು ನೆಲವೇ ಇಲ್ಲ. ನಾನು ಹೇಳಿದ್ದು ಮೋಡಗಳ ಮೇಲ್ಮಟ್ಟದ ಲೆಕ್ಕ.

ಬುಧ ಗ್ರಹ ಇದರ ತದ್ವಿರುದ್ಧ, ಪುಟ್ಟದಾದರೂ ರಾಗಿ ಮೂಟೆ. ಅದರ ಒಡಲಿನ ಬಹುಪಾಲು ಕಬ್ಬಿಣ. ನನಗೆ ಬಹಳ ಇಷ್ಟವಾದ ಲೆಕ್ಕ ಇರುವುದೇ ಇಲ್ಲಿ. ಮಂಗಳನ ದ್ರವ್ಯರಾಶಿ ಬುಧನ ಸುಮಾರು ಎರಡು ಪಟ್ಟು. ಆದರೂ ನಮ್ಮ ಬಾಕ್ಸು ಎರಡೂ ಕಡೆ 5.7 ಕೆ.ಜಿ. ಆಸುಪಾಸಿನಲ್ಲೇ ನಿಲ್ಲುತ್ತದೆ. ಮಂಗಳನಲ್ಲಿ ಸರಕು ಜಾಸ್ತಿ, ಆದರೆ ನಿಲ್ಲುವ ಜಾಗ ನಡುವಿನಿಂದ ದೂರ. ಚಂದ್ರನಲ್ಲಿ ಬರೀ ಎರಡೂವರೆ ಕೆ.ಜಿ. ಗುರುಗ್ರಹದಲ್ಲಿ ಮಾತ್ರ 38, ಅಲ್ಲಿ ಹಮಾಲಿ ಕೂಲಿ ಜಾಸ್ತಿ ಕೇಳಲೇಬೇಕು.

ಇದೆಲ್ಲ ಸ್ಪ್ರಿಂಗ್ ತಕ್ಕಡಿ ತೋರಿಸುವ ಮಾತು. ತೂಕದ ಕಲ್ಲಿಟ್ಟು ತೂಗುವ ಹಳೇ ತಕ್ಕಡಿ ಒಯ್ದರೆ ಎಲ್ಲಿ ಹೋದರೂ 15 ಕೆ.ಜಿ.ಯೇ, ಯಾಕೆಂದರೆ ಅಲ್ಲಿ ಕಲ್ಲೂ ಅಷ್ಟೇ ಹಗುರಾಗುತ್ತದೆ. ಹಣ್ಣೇನೂ ಕಮ್ಮಿಯಾಗಿಲ್ಲವಲ್ಲ. ಮಂಗಳನಲ್ಲಿ ಬಾಕ್ಸ್ ಎತ್ತುವುದು ಸಲೀಸು ಅಂತ ಒಬ್ಬ ಜೋರಾಗಿ ಎಸೆದು, ಇನ್ನೊಬ್ಬ ಎದೆ ಕೊಟ್ಟು ಹಿಡಿದರೆ, ಬೀಳುವ ಏಟು ಕೋಲಾರದಷ್ಟೇ.